ಗಾಜಿನ ಪಂಪಣ್ಣ ಮತ್ತು ಬೋರಲು ಮಲಗಿದ ಹನುಮಪ್ಪ

ಪಂಪಣ್ಣ ಯಾರ ಮನೆಗೆ ಹೋದರೂ ಬಾಗಿಲು ಬಡಿಯುತ್ತಿರಲಿಲ್ಲ. ಕಿಟಕಿಯ ಗಾಜು ಬಡಿಯುತ್ತಿದ್ದ. ಬಲಗೈಯ ನಡುಬೆರಳನ್ನು ಮಡಚಿ, ಅದರ ಗಿಣ್ಣಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟಿ, ಕಿವಿಯನ್ನು ಗಾಜಿನ ಹತ್ತಿರ ಒಯ್ಯುತ್ತಿದ್ದ. ಒಳಗಿನವರು ಕದ ತೆರೆದು, "ಬರ್ರಿ ಪಂಪಣ್ಣ, ಆರಾಮ ಅದೀರಿಲ್ಲೋ?" ಎಂದು ಕೇಳಿದರೆ ಅವನ ಉತ್ತರ ಆರಾಮದ ಬಗ್ಗೆ ಇರುತ್ತಿರಲಿಲ್ಲ.

"ನಿಮ್ಮ ಎಡಗಡಿ ಗಾಜು ಸಡ್ಲ ಆಗೇತ್ರಿ. ಗಾಳಿ ಬಿಡೂದ್ರಾಗ ಎರಡು ಸಣ್ಣ ಮೊಳಿ ಹೊಡಸ್ರಿ" ಎನ್ನುತ್ತಿದ್ದ. ಆಮೇಲೆ ಚಪ್ಪಲಿ ಬಿಡುತ್ತಿದ್ದ.

ಚಹಾದ ಅಂಗಡಿಯಲ್ಲಿ ಗ್ಲಾಸು ಕೈಗೆ ಬಂದರೆ ಕುಡಿಯುವ ಮೊದಲು ಅದನ್ನೂ ತಟ್ಟುತ್ತಿದ್ದ. ಬ್ಯಾಂಕಿನ ಗಾಜಿನ ಬಾಗಿಲನ್ನು ತಟ್ಟಿ ಕಾವಲುಗಾರನಿಂದ ಬೈಸಿಕೊಂಡಿದ್ದ. ಒಮ್ಮೆ ನಿವೃತ್ತ ಮಾಸ್ತರರೊಬ್ಬರು ಅವನ ಜೊತೆ ಮಾತಾಡುತ್ತ ನಿಂತಿದ್ದಾಗ, ಅವರ ಮೂಗಿನ ಮೇಲಿದ್ದ ಕನ್ನಡಕವನ್ನು ಅಲ್ಲೇ ತಟ್ಟಿ, "ಮಾಸ್ತರ, ಇದು ಗಾಜಲ್ರಿ, ಪ್ಲಾಸ್ಟಿಕ್. ಕನ್ನಡಕದಾವ ನಿಮಗ ಟೋಪಿ ಹಾಕ್ಯಾನ" ಎಂದಿದ್ದ. ಮಾಸ್ತರರು ಒಂದು ತಿಂಗಳು ಅವನ ಶೆಡ್ಡಿನ ಕಡೆ ಬರಲಿಲ್ಲ.

ಅವನ ಬಗ್ಗೆ ಬರೆಯಬೇಕೆಂದು ಕುಳಿತಿದ್ದೇನೆ. ನಾನು ಹೈಸ್ಕೂಲಿನವರೆಗೆ ಓದಿದವನು, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಬರೆದು ಅಭ್ಯಾಸವಿಲ್ಲ. ಆದರೆ ಪಂಪಣ್ಣನ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದೆ. ಅದನ್ನು ಬಾಯಲ್ಲಿ ಒಪ್ಪಿಕೊಂಡಿದ್ದೇನೆ, ಅದಕ್ಕೆ ಶಿಕ್ಷೆಯನ್ನೂ ಕುಡಿದಿದ್ದೇನೆ. ಹೌದು, ಕುಡಿದಿದ್ದೇನೆ, ಅದೇನೆಂದು ಮುಂದೆ ಹೇಳುತ್ತೇನೆ. ಆದರೂ ಕಾಗದದ ಮೇಲೆ ಬರೆದು ಒಪ್ಪಿಕೊಂಡ ಹೊರತು ಮನಸ್ಸು ಹಗುರಾಗುವಂತೆ ಕಾಣುವುದಿಲ್ಲ.

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಬಸ್ಸು, ಲಾರಿ, ಟ್ರ್ಯಾಕ್ಟರುಗಳಿಗೆ ಗಾಜು ಕೂಡಿಸುವುದು ಅವನ ಕೆಲಸ. ಶೆಡ್ಡಿನ ಮುಂದೆ ಬೋರ್ಡಿನ ಜಾಗದಲ್ಲಿ ಒಂದು ಖಾಲಿ ಗಾಜು ತೂಗುಹಾಕಿದ್ದ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

"ಹೆಸರರ ಬರಸೋ ಪಂಪಣ್ಣ" ಎಂದು ನಾನಂದರೆ, "ಗಾಜಂದ್ರ ಕಣ್ಣಿಗೆ ಕಾಣಬಾರದೋ ಯಮನೂರಾ. ಕಂಡ್ರ ಅದು ಗಾಜಲ್ಲ, ಗ್ವಾಡಿ" ಎನ್ನುತ್ತಿದ್ದ. ಆ ಬೋರ್ಡಿಗೆ ಎಷ್ಟು ಜನ ಹಣೆ ಬಡಿದುಕೊಂಡಿದ್ದಾರೋ ಲೆಕ್ಕವಿಲ್ಲ. ಬಡಿದುಕೊಂಡವರಿಗೆಲ್ಲ ಅವನು ಚಹಾ ಕುಡಿಸುತ್ತಿದ್ದ. "ನೋಡಪಾ, ಎಷ್ಟು ಛಲೋ ಒರಸೀನಿ" ಎಂದು ಹಿಗ್ಗುತ್ತಿದ್ದ.

ನನಗಿಂತ ಎಂಟು ವರ್ಷ ದೊಡ್ಡವನು. ಮೊದಮೊದಲು ನಾನು ಅವನನ್ನು 'ನೀವು' ಎನ್ನುತ್ತಿದ್ದೆ. ಒಂದು ದಿನ ತಡೆದ: "ನೀವು ಅನ್ನಬ್ಯಾಡ ಮಾರಾಯ. ಹಿಂದ ಯಾರರ ನಿಂತಾರೇನು ಅಂತ ತಿರುಗಿ ನೋಡಬೇಕಾಗ್ತೈತಿ, ಕುತಿಗಿ ನೋವು." ಅಂದಿನಿಂದ 'ನೀನು' ಎಂದೇ ಕರೆದೆ.

ನಮ್ಮ ಪರಿಚಯ ಆದದ್ದು ಯಲಬುರ್ಗಾ ದಾರಿಯಲ್ಲಿ ಜಲ್ಲಿ ತುಂಬಿದ ಲಾರಿಯೊಂದರಿಂದ ಕಲ್ಲು ಸಿಡಿದು ನನ್ನ ಬಸ್ಸಿನ ಮುಂದಿನ ಗಾಜು ಜೇಡರ ಬಲೆಯಾದ ದಿನ. ಹೊಸ ಗಾಜು ತಂದದ್ದಾಯಿತು, ರಬ್ಬರು ತಂದದ್ದಾಯಿತು, ಕೂಡಿಸಲು ಅವನನ್ನೂ ಅಲ್ಲಿಗೆ ಕರೆತಂದದ್ದಾಯಿತು. ಪಂಪಣ್ಣ ಮಾತ್ರ ಕೆಲಸ ಶುರು ಮಾಡದೆ ನನ್ನ ಸೀಟಿನಲ್ಲಿ ಏರಿ ಕುಳಿತ. ಐದು ನಿಮಿಷ ಸುಮ್ಮನೆ ಗಾಜಿಲ್ಲದ ಕಿಂಡಿಯಿಂದ ರಸ್ತೆ ನೋಡಿದ. ಪ್ರಯಾಣಿಕರು ಕೂಗಾಡತೊಡಗಿದರು.

"ಏನ್ ನೋಡಾಕತ್ತೀರಿ?" ಎಂದೆ.

"ನೀ ದಿನಾ ನೋಡೂದನ್ನ. ಡ್ರೈವರ್ ಏನ್ ನೋಡ್ತಾನ ಅಂತ ತಿಳೀದ ಗಾಜು ಕೂಡ್ಸೂದಂದ್ರ, ಕಾಲು ನೋಡ್ದ ಚಪ್ಪಲಿ ಹೊಲದಂಗ."

ಇನ್ನೊಂದು ಅಭ್ಯಾಸ ಅವನಿಗಿತ್ತು. ಗಾಜಿನ ಅಳತೆಗೆ ರಟ್ಟಿನ ನಮೂನೆ ಕತ್ತರಿಸುತ್ತಿದ್ದ. ರಟ್ಟನ್ನು ಎಂದೂ ಕೊಂಡವನಲ್ಲ. ಊರಿನ ಅಂಗಡಿಗಳವರು ಹೊಸ ವರ್ಷಕ್ಕೆ ಹಂಚುವ ದೊಡ್ಡ ರಟ್ಟಿನ ಕ್ಯಾಲೆಂಡರುಗಳನ್ನು ವರ್ಷ ಮುಗಿದ ಮೇಲೆ ಮನೆಮನೆಯಿಂದ ತರುತ್ತಿದ್ದ. ಅವುಗಳ ಮೇಲೆಲ್ಲ ದೇವರ ಚಿತ್ರ. ಹಾಗಾಗಿ ಶೆಡ್ಡಿನ ಮೊಳೆಗಳಿಗೆ ತೊಡೆಯವರೆಗಿನ ಲಕ್ಷ್ಮಿ, ಒಂದೇ ಕೈಯ ಗಣಪತಿ, ನಂದಿಯಿಲ್ಲದ ಈಶ್ವರ ಜೋತಾಡುತ್ತಿದ್ದರು. "ಮಾರಿ ಒಂದು ಕೊಯ್ಯಬಾರದು. ಕೈಕಾಲ ಹೋದ್ರ ದೇವರು ಸಿಟ್ಟಾಗಂಗಿಲ್ಲ, ಅವರಿಗೆ ಭಾಳ ಅದಾವ" ಎಂದು ತನ್ನದೇ ಒಂದು ಶಾಸ್ತ್ರ ಹೇಳುತ್ತಿದ್ದ. ಈ ಕ್ಯಾಲೆಂಡರಿನ ಸಂಗತಿಯನ್ನು ನೆನಪಿನಲ್ಲಿಡಿ. ನನ್ನ ಪಾಪ ಅಲ್ಲೇ ಇದೆ.

ನಾನು ನಿವೃತ್ತನಾದ ಮೇಲೆ ಅಕ್ಕಿ ಗಿರಣಿಯ ಸಿದ್ದಲಿಂಗಪ್ಪ ಸಾಹುಕಾರರು ಕರೆಸಿದರು. ಅವರ ಅಜ್ಜ ನಿಜಾಮರ ಕಾಲದಲ್ಲಿ ಕೊಂಡಿದ್ದ ಕಾರೊಂದು ಭತ್ತದ ಗೋದಾಮಿನಲ್ಲಿ ಗೋಣಿಚೀಲಗಳ ಹಿಂದೆ ಮಲಗಿತ್ತು. ಅದನ್ನು ಎಬ್ಬಿಸಿ, ಅಜ್ಜ ಓಡಾಡುತ್ತಿದ್ದ ರೂಪದಲ್ಲೇ ಹನುಮನಹಳ್ಳಿಗೆ ಒಯ್ದು ಅಂಜನಾದ್ರಿಯ ಬುಡದಲ್ಲಿ ಪೂಜೆ ಮಾಡಿಸಬೇಕೆಂಬುದು ಅವರ ಹಟ. ಎಂಜಿನ್ನು ಗದರಿ ಗದರಿ ಜೀವ ಹಿಡಿಯಿತು. ಗೇರು ಹಾಕಲು ಎರಡೆರಡು ಸಲ ಕ್ಲಚ್ಚು ತುಳಿಯಬೇಕಾದ ಆ ಗಾಡಿಯನ್ನು ಓಡಿಸಬಲ್ಲವನು ಊರಲ್ಲಿ ನಾನೊಬ್ಬನೇ ಎಂದು ಸಾಹುಕಾರರು ನಾಲ್ಕು ಮಂದಿಯ ಮುಂದೆ ಹೇಳಿದರು. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತೆಂದು ನನ್ನ ಹೆಂಡತಿ ಪಾರವ್ವ ಈಗಲೂ ಆಡಿಕೊಳ್ಳುತ್ತಾಳೆ.

ಉಳಿದದ್ದು ಮುಂದಿನ ಗಾಜು. ಯಾವ ಕಾಲದಲ್ಲೋ ಯಾರೋ ಅದಕ್ಕೆ ಒಂದೇ ಅಗಲವಾದ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಅದು ಹಳದಿಯಾಗಿ, ಅದರಿಂದ ನೋಡಿದರೆ ಊರೆಲ್ಲ ಕಾಮಾಲೆ ಹಿಡಿದಂತೆ ಕಾಣುತ್ತಿತ್ತು. ಹಳೆಯ ಫೋಟೋದಲ್ಲಿ ಆ ಕಾರಿಗೆ ಎರಡು ಹೋಳಿನ ಗಾಜು. ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಹಿತ್ತಾಳೆಯ ಚೌಕಟ್ಟು. ಮೇಲೆ ಕೀಲು. ಸೆಕೆಯಾದರೆ ಕೆಳಗಿನಿಂದ ಹೊರಕ್ಕೆ ದೂಡಿ ಗಾಳಿ ಬಿಟ್ಟುಕೊಳ್ಳಬಹುದು. ಆ ಚೌಕಟ್ಟು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಗೋದಾಮನ್ನೆಲ್ಲ ತಡಕಾಡಿದ್ದಾಯಿತು.

ಪಂಪಣ್ಣನನ್ನು ಗಿರಣಿಯ ಆಫೀಸಿಗೆ ಕರೆತಂದೆ. ಸಾಹುಕಾರರು ಮಾತಾಡುತ್ತಿದ್ದರು, ಅವನ ಕಣ್ಣು ಗೋಡೆಯ ಮೇಲಿತ್ತು. ಗೋಡೆಯಲ್ಲಿ ಸಾಹುಕಾರರ ಅಜ್ಜ ಅಜ್ಜಿಯ ಎರಡು ದೊಡ್ಡ ಫೋಟೋಗಳು, ಗಂಧದ ಹಾರ ಹಾಕಿಕೊಂಡು ಕುಳಿತಿದ್ದವು. ಪಂಪಣ್ಣ ಮಾತಿನ ನಡುವೆಯೇ ಎದ್ದು ಹೋಗಿ ಅಜ್ಜನ ಗಾಜನ್ನು ಟಕ್ ಟಕ್ ಎಂದು ತಟ್ಟಿದ. ಅಜ್ಜಿಯದನ್ನೂ ತಟ್ಟಿದ. ಆಮೇಲೆ ಚೌಕಟ್ಟಿನ ಅಂಚಿಗೆ ಹಚ್ಚಿದ್ದ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದ. ಒಳಗಿನಿಂದ ಹಿತ್ತಾಳೆ ಮಿನುಗಿತು.

"ಸಾಹುಕಾರ್ರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಅಜ್ಜಾರು ಅಮ್ಮಾರು ಇನ್ನಾ ಕಾರಿನ್ಯಾಗ ಕುಂತಾರ."

ಎಲ್ಲರೂ ಹತ್ತಿರ ಹೋಗಿ ನೋಡಿದೆವು. ಎರಡೂ ಚೌಕಟ್ಟುಗಳ ಮೇಲಿನ ಒಂದೊಂದು ಮೂಲೆ ಮಾತ್ರ ದುಂಡಗೆ, ಆ ಮಗ್ಗುಲು ಓರೆ. ಐವತ್ತು ವರ್ಷ ಆ ಫೋಟೋಗಳಿಗೆ ಊದುಬತ್ತಿ ಬೆಳಗಿದವರಿಗೆ ಚೌಕಟ್ಟು ಯಾಕೆ ಹೀಗೆ ಎಂದು ಹೊಳೆದಿರಲಿಲ್ಲ. ಸಾಹುಕಾರರು ಬಿದ್ದು ಬಿದ್ದು ನಕ್ಕರು. "ನಾನು ಸಣ್ಣಾವಿದ್ದಾಗ, ಅಜ್ಜಾರ ಫೋಟೋದ ಮೂಲಿ ಯಾಕ ಹಿಂಗೈತಿ ಅಂತ ಕೇಳಿ ಹೊಡತ ತಿಂದಿದ್ದೆ ಪಂಪಣ್ಣ" ಎಂದರು. ಒಳ್ಳೆಯ ದಿನ ನೋಡಿ ಅಜ್ಜ ಅಜ್ಜಿಯನ್ನು ಹೊಸ ಚೌಕಟ್ಟಿಗೆ ಕೂಡಿಸಿದ್ದಾಯಿತು.

ಒಳಗಿದ್ದ ಹಳೆಯ ಗಾಜು ಕೆಲಸಕ್ಕೆ ಬರುವುದಿಲ್ಲವೆಂದ. "ಇದು ಸಾದಾ ಗಾಜು. ಒಡದ್ರ ಒಂದೊಂದು ಚೂರೂ ಒಂದೊಂದು ಚಾಕು. ನಮಗ ಹೋಳಿಗಿ ಗಾಜು ಬೇಕು." ಹೋಳಿಗೆ ಗಾಜು ಅವನದೇ ಮಾತು. ಎರಡು ತೆಳು ಗಾಜುಗಳ ನಡುವೆ ಮೆತ್ತಗಿನ ಅಂಟಿನ ಹಾಳೆ ಇಟ್ಟ ಗಾಜು ಅದು. ಒಡೆದರೂ ಚೂರುಗಳು ಆ ಹಾಳೆಗೇ ಕಚ್ಚಿಕೊಂಡಿರುತ್ತವೆ. ಅಂಟಿನ ಹಾಳೆಗೆ ಅವನು ಹೂರಣ ಎನ್ನುತ್ತಿದ್ದ. ಹುಬ್ಬಳ್ಳಿಯಿಂದ ಹುಲ್ಲಿನಲ್ಲಿ ಸುತ್ತಿ ಒಂದು ದೊಡ್ಡ ಹಾಳೆ ತರಿಸಿದೆವು. ಕಾರಿನ ಎರಡೂ ಹೋಳು ಅದರಲ್ಲೇ ಆಗಬೇಕು.

ಹೋಳಿಗೆ ಗಾಜು ಕೊಯ್ಯುವ ಬಗೆ ಬೇರೆ. ಸಾದಾ ಗಾಜಾದರೆ ಒಂದು ಮಗ್ಗುಲು ವಜ್ರದ ಮೊನೆಯಿಂದ ಗೆರೆ ಎಳೆದು ಮುರಿದರಾಯಿತು. ಇದಕ್ಕೆ ಒಂದು ಮಗ್ಗುಲು ಗೆರೆ ಎಳೆದು, ಗಾಜನ್ನು ತಿರುವಿ ಹಾಕಿ, ಇನ್ನೊಂದು ಮಗ್ಗುಲೂ ಅದೇ ಜಾಗದಲ್ಲಿ ಗೆರೆ ಎಳೆಯಬೇಕು. "ಹೋಳಿಗಿ ಎರಡೂ ಮಗ್ಗಲಾ ಬೇಯಸ್ಬೇಕಲ್ಲ, ಹಂಗ" ಎನ್ನುತ್ತಿದ್ದ. ಆಮೇಲೆ ಎರಡೂ ಪದರ ಮುರಿದು, ಸೀಳಿಗೆ ಸ್ಪಿರಿಟ್ಟು ಹನಿಸಿ ಕಡ್ಡಿ ಗೀರಿದರೆ ಹೂರಣ ಮೆತ್ತಗಾಗುತ್ತದೆ. ಬ್ಲೇಡು ಹಾಕಿ ಎಳೆದರೆ ಬೇರೆಯಾಗುತ್ತದೆ. ಹಗಲಿನಲ್ಲಿ ಆ ಉರಿ ಕಣ್ಣಿಗೆ ಕಾಣುವುದಿಲ್ಲ. ಪಂಪಣ್ಣ ವಾಸನೆಯಿಂದಲೇ ಅದರ ಹದ ಹೇಳುತ್ತಿದ್ದ.

ಇದರಲ್ಲೊಂದು ಸೂಕ್ಷ್ಮವಿದೆ, ನನಗೆ ತಿಳಿದದ್ದು ಆಮೇಲೆ. ಗಾಜನ್ನು ತಿರುವಿ ಹಾಕಿದಾಗ ಮೇಲಿಟ್ಟ ರಟ್ಟಿನ ನಮೂನೆಯನ್ನೂ ತಿರುವಿ ಹಾಕಲೇಬೇಕು. ಇಲ್ಲವಾದರೆ ಎಡಗಡೆಯ ದುಂಡು ಮೂಲೆ ಬಲಗಡೆಗೆ ಬಂದು, ಕೆಳಗಿನ ಗೆರೆಯೊಂದು, ಮೇಲಿನ ಗೆರೆಯೊಂದು ಆಗುತ್ತದೆ. ನಮ್ಮ ಕಾರಿಗೆ ಅವನು ಕತ್ತರಿಸಿದ ನಮೂನೆ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನದು. ಅದರಲ್ಲಿ ಗುಡ್ಡ ಹೊತ್ತ ಹನುಮಪ್ಪ. ಗುಡ್ಡ ಅರ್ಧ ಹೋಗಿತ್ತು; ಮುಖ, ಎದೆ, ಬಾಲ ಉಳಿದಿದ್ದವು.

ಮೊದಲನೆಯ ಹೋಳನ್ನು ಅವನು ಕೊಯ್ದಾಗ ನಾನು ಸ್ಪಿರಿಟ್ಟು ತರಲು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಗೆರೆಯ ಕೆಲಸ ಮುಗಿದಿತ್ತು. ಗಾಜು ಚೌಕಟ್ಟಿನಲ್ಲಿ ಕುಳಿತದ್ದು ಹೇಗೆಂದರೆ, ಬಾಳೆಹಣ್ಣು ತನ್ನ ಸಿಪ್ಪೆಯಲ್ಲಿ ಕುಳಿತ ಹಾಗೆ.

ಎರಡನೆಯ ಹೋಳಿನ ದಿನ ಶನಿವಾರ. ಗಿರಣಿಯ ಅಂಗಳದಲ್ಲಿ ಮೇಜು ಹಾಕಿ, ಕಂಬಳಿ ಹಾಸಿ, ಪಂಪಣ್ಣ ಒಂದು ಮಗ್ಗುಲು ಗೆರೆ ಎಳೆದ. ಗಾಜು ತಿರುವಿದೆವು. ನಮೂನೆಯನ್ನು ತಿರುವಿಟ್ಟ. ಆಗಲೇ ಅವನ ಕಣ್ಣಿಗೆ ಪೊರೆ ಶುರುವಾಗಿತ್ತು. ಬಿಸಿಲಿಗೆ ನೀರು ಸುರಿಯುತ್ತಿತ್ತು.

"ಕಣ್ಣು ಉರಿಯಾಕತ್ತಾವ. ಮಾರಿ ತೊಳಕೊಂಡು ಚಾ ಕುಡದು ಬರ್ತೀನಿ. ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಹೋದ.

ಅಂಗಳದಲ್ಲಿ ನಾನೊಬ್ಬನೇ. ಮೇಜಿನ ಮೇಲೆ ಹನುಮಪ್ಪ ಬೋರಲು ಬಿದ್ದಿದ್ದ. ಶನಿವಾರ, ಅವನ ವಾರ. ಬೆಳಿಗ್ಗೆ ಗುಡಿಗೆ ಹೋಗಿ ಅವನ ಮುಖ ನೋಡಿ ಕೈಮುಗಿದು ಬಂದಿದ್ದೆ. ಈಗ ಅದೇ ಮುಖ ಗಾಜಿಗೆ ಒತ್ತಿಕೊಂಡು, ಬೆನ್ನಿನ ಮೇಲೆ ಪೆನ್ಸಿಲ್ ಗುರುತು ಹೊತ್ತುಕೊಂಡು ಮಲಗಿದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಎದುರಿಗೆ ಅವನನ್ನು ಇಟ್ಟುಕೊಂಡು ಓಡಿಸಿದವನು ನಾನು. ಮನಸ್ಸು ತಡೆಯಲಿಲ್ಲ. ಮೆಲ್ಲಗೆ ಎತ್ತಿ ಅಂಗಾತ ಮಲಗಿಸಿದೆ. ಮುಖದ ಮೇಲಿನ ಗಾಜಿನ ಪುಡಿಯನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿದೆ. ಭಕ್ತಿಯೇ, ಬೇರೇನೂ ಅಲ್ಲ.

ಪಂಪಣ್ಣ ಬಂದ. ಕಣ್ಣು ಇನ್ನೂ ಕೆಂಪಗಿತ್ತು. ಅವನು ಗೆರೆ ಎಳೆಯುವಾಗ ಕಣ್ಣಿಗಿಂತ ಎಡಗೈಯ ಬೆರಳನ್ನೇ ನಂಬುತ್ತಿದ್ದ. ಬೆರಳು ರಟ್ಟಿನ ಅಂಚು ಹಿಡಿದು ಮುಂದೆ ಹೋಗುವುದು, ವಜ್ರ ಅದರ ಹಿಂದೆ. ತಾನಿಟ್ಟದ್ದು ತಾನಿಟ್ಟ ಹಾಗೇ ಇದೆ ಎಂದು ನಂಬಿ ಎಳೆದುಬಿಟ್ಟ. ಕೆಳಗಿನ ಗೆರೆ ಬಹುಪಾಲು ರಟ್ಟಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಅಷ್ಟರಲ್ಲಿ ಸಾಹುಕಾರರೂ ನೋಡಲು ಬಂದು ನಿಂತರು. ಪಂಪಣ್ಣ ಕೆಳಗಿನಿಂದ ತಟ್ಟಿದ. ಟಣ್ ಎನ್ನಬೇಕಿದ್ದ ಗಾಜು ಕರಕರ ಎಂದಿತು. ಸೀಳು ಮೂಲೆಯಿಂದ ಹೊರಟು ನಟ್ಟನಡುವೆ, ಹೊಳೆ ದಾರಿ ತಪ್ಪಿದ ಹಾಗೆ ಹರಿಯಿತು.

ಪಂಪಣ್ಣ ಗಾಜನ್ನು ನೋಡಲಿಲ್ಲ. ರಟ್ಟನ್ನು ಮುಖದ ಹತ್ತಿರ ಹಿಡಿದು ನೋಡಿದ. ಹನುಮಪ್ಪ ಅವನನ್ನು ನೋಡುತ್ತಿದ್ದ.

"ನಾ ಬೋರಲ ಇಟ್ಟಿದ್ದೆ" ಎಂದ. ಮತ್ತೆ, "ಇಟ್ಟಿದ್ನಿಲ್ಲೋ?" ಎಂದ. ನನ್ನ ಕಡೆ ತಿರುಗಿದ. "ಯಮನೂರಾ, ನೀ ಏನರ ಮುಟ್ಟಿದ್ಯೇನು?"

ಸಾಹುಕಾರರು ಪಕ್ಕದಲ್ಲೇ ಇದ್ದರು. ಹೌದೆಂದರೆ ಆ ಕಾರಿನ ಸ್ಟೀರಿಂಗು ನನ್ನ ಕೈ ತಪ್ಪೀತು ಎಂದು ಕಂಡಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

"ಇಲ್ಲಪಾ" ಎಂದೆ.

ಅವನು ತಲೆ ಅಲ್ಲಾಡಿಸಿದ. "ಎದುರಿಗೆ ದೇವರ ಮಾರಿ ಇದ್ರೂ ನನಗ ಕಾಣಲಿಲ್ಲಂದ್ರ..." ಎನ್ನುತ್ತ ವಜ್ರದ ಕಟರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. "ನೀ ಇಟ್ಕೋ. ಕಣ್ಣಷ್ಟ ಹೋಗಿದ್ರ ಬೆರಳಿಂದ ಮಾಡ್ತಿದ್ದೆ. ಇದು ತಲಿ ಹೋಗೇತಿ."

ಸಾಹುಕಾರರು ಒಳ್ಳೆಯವರು. "ಒಂದು ಗಾಜು ಹೋದ್ರ ಹೋತು ಪಂಪಣ್ಣ, ಇನ್ನೊಂದು ಹಾಳಿ ತರಸೂಣು" ಎಂದರು. ಹಾಳೆ ಬಂತು, ಪಂಪಣ್ಣ ಬರಲಿಲ್ಲ. ಬೇರೆಯವರನ್ನು ಕರೆಸಲು ಸಾಹುಕಾರರಿಗೆ ಮನಸ್ಸಿರಲಿಲ್ಲ. "ಒಂದು ಕಣ್ಣು ಒಬ್ಬಾವ ಬರದು, ಇನ್ನೊಂದು ಕಣ್ಣು ಇನ್ನೊಬ್ಬಾವ ಬರದ್ರ ಮೆಳ್ಳಗಣ್ಣು ಆಕ್ಕೈತಿ" ಎನ್ನುತ್ತಿದ್ದರು. ಕಾರು ಒಂದೇ ಗಾಜು ಹಾಕಿಕೊಂಡು ನಿಂತಿತು. ಗಿರಣಿಯ ಹಮಾಲರು ಅದಕ್ಕೆ ಒಕ್ಕಣ್ಣ ಎಂದು ಹೆಸರಿಟ್ಟರು. ನಾನು ಓಡಿಸಬೇಕಾದ ಕಾರನ್ನು ದಿನವೂ ಒರೆಸಿ ಬರುತ್ತಿದ್ದೆ. ವಜ್ರ ನನ್ನ ಮನೆಯಲ್ಲಿ ದೇವರ ಗೂಡಿನಲ್ಲಿತ್ತು, ಹನುಮಪ್ಪನ ಕಾಲ ಬಳಿ. ಅವನ ಮುಖ ನೋಡಿದಾಗಲೆಲ್ಲ, ನಿನ್ನಿಂದಲೇ ಅಲ್ಲವೇ ಎಂದು ಅವನ ಮೇಲೇ ಹೊರೆಸುತ್ತಿದ್ದೆ.

ಪಂಪಣ್ಣನ ಶೆಡ್ಡು ಮುಚ್ಚಿತು. ಅವನ ಹೆಂಡತಿ ತಿಪ್ಪವ್ವ, ಗಂಡನಿಗೆ ಮರೆವಿನ ರೋಗ ಬಂದಿದೆಯೆಂದು ಯಾರೋ ಹೇಳಿದ ಒಂದೆಲಗದ ಸೊಪ್ಪನ್ನು ಅರೆದು, ಬೇವಿನ ರಸ ಬೆರೆಸಿ, ಬೆಳಿಗ್ಗೆ ಒಂದು ಲೋಟ ಕುಡಿಸುತ್ತಿದ್ದಳು. ಕುಡಿಸಿದ ಮೇಲೆ ಪರೀಕ್ಷೆ. "ನಿನ್ನಿ ಏನ್ ಪಲ್ಲೆ ಮಾಡಿದ್ದೆ, ಹೇಳು ನೋಡೋಣು?" ಸಂತೆಯಲ್ಲಿ ಸಿಕ್ಕಾಗ ಇದನ್ನು ಅವನೇ ನನಗೆ ಹೇಳಿದ. "ದಿನಾ ಬದನಿಕಾಯಿ ಮಾಡ್ತಾಳೋ. ಮರೀಬೇಕಂದ್ರೂ ಹೆಂಗ ಮರೀಲಿ?" ಎಂದ. ನಾವಿಬ್ಬರೂ ನಕ್ಕೆವು. ನಕ್ಕ ಮೇಲೆ ಗಮನಿಸಿದೆ: ಎದುರಿಗಿದ್ದ ಚಹಾದ ಗ್ಲಾಸನ್ನು ಅವನು ತಟ್ಟಲಿಲ್ಲ. ಸುಮ್ಮನೆ ಎತ್ತಿ ಕುಡಿದ.

ಮೂರು ತಿಂಗಳು ಹೀಗೇ ಕಳೆಯಿತು. ಒಂದು ಮುಂಜಾನೆ ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಪಾರವ್ವ ಹೋಗಿ ತೆರೆದು, "ಅಯ್ಯ, ಪಂಪಣ್ಣ ಅದಾನಲ್ಲ! ನಾ ಯಾರೋ ಹೊರಗಿನವರು ಬಂದಾರ ಅಂತ ಮಾಡಿದ್ದೆ" ಎಂದಳು.

ಪಂಪಣ್ಣ ನಮ್ಮ ಮನೆಯ ಬಾಗಿಲು ಬಡಿದಿದ್ದ. ಮರದ ಬಾಗಿಲು. ಅದರ ಪಕ್ಕದಲ್ಲೇ ಕಿಟಕಿಯಿತ್ತು. ಗಾಜು ಸಡಿಲವಾಗಿಯೂ ಇತ್ತು.

ಉಪ್ಪಿಟ್ಟಿನ ತಟ್ಟೆ ಸರಿಸಿ ಎದ್ದೆ. ಅವನು ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ.

"ಪಂಪಣ್ಣ, ಅವತ್ತ ಹನುಮಪ್ಪನ್ನ ಅಂಗಾತ ಮಾಡಿದಾವ ನಾನು."

ಅವನು ನಿಂತೇ ಇದ್ದ. ಪಾರವ್ವ ತಂಬಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

"ಏನಂದಿ?"

"ನೀ ಬೋರಲ ಇಟ್ಟಿದ್ದೆ. ನೀ ಇಟ್ಟದ್ದು ಖರೇ ಇತ್ತು. ನೀ ಚಾ ಕುಡ್ಯಾಕ ಹೋದಾಗ ನಾ ತಿರುವಿ ಇಟ್ಟೆ. ನೀ ಕೇಳಿದಾಗ ಸುಳ್ಳ ಹೇಳಿದೆ."

"ಯಾಕ ತಿರುವಿದಿ?"

"ಶನಿವಾರ ಇತ್ತು... ದೇವರು ಮಾರಿ ಕೆಳಗ ಮಾಡಿ ಮಲಗಿದ್ದ."

ಪಂಪಣ್ಣ ತನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಂಡ. ಕಳೆದುಹೋದದ್ದು ಸಿಕ್ಕಾಗ ಎಲ್ಲವೂ ಇದೆಯೇ ಎಂದು ನೋಡುವಂತೆ. ಆಮೇಲೆ ಎಲ್ಲಿಂದಲೋ ನಗು ಬಂತು. ಕೆಮ್ಮು ಬರುವವರೆಗೆ ನಕ್ಕ. ಕೆಮ್ಮು ನಿಂತ ಕೂಡಲೆ ಸಿಟ್ಟು ಬಂತು. ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲೇ ಇಲ್ಲ.

"ಲೇ ಭಕ್ತಾ! ಗಾಜು ಒಡದ್ರ ಇನ್ನೊಂದು ಬರ್ತೈತೋ. ನಾ ಮೂರು ತಿಂಗಳು ಹಾಸಿಗ್ಯಾಗ ಮಲಗಿ, ಬಾಗಿಲ ಹಾಕಿದ್ನಾ ಇಲ್ಲಾ, ದೀಪ ಆರ್ಸಿದ್ನಾ ಇಲ್ಲಾ ಅಂತ ಎದ್ದೆದ್ದು ನೋಡೀನಿ. ನನ್ನ ಕೈನ ನನಗ ಪರಕೀಯರಂಗ ಮಾಡಿದ್ಯಲ್ಲೋ. ಅದಕ್ಕ ಏನ್ ಮಾಡ್ತಿ? ಹಾಂ? ಆ ಬೇವಿನ ರಸ! ಅದನ್ನ ಯಾವಾ ಕುಡೀಬೇಕು?"

"ನಾ ಕುಡೀತೀನಿ" ಎಂದೆ.

ಅವನು ಅದನ್ನೇ ಹಿಡಿದ. ಮರುದಿನದಿಂದ ತಿಪ್ಪವ್ವ ಅರೆದ ರಸ ನಮ್ಮ ಮನೆಗೆ ಬರತೊಡಗಿತು, ತಪ್ಪದೆ ಮೂರು ತಿಂಗಳು. ಕುಡಿದಾದ ಮೇಲೆ ಪಾರವ್ವ ಪರೀಕ್ಷೆ ಮಾಡುತ್ತಿದ್ದಳು. "ನಿನ್ನಿ ಯಾರಿಗೆ ಸುಳ್ಳ ಹೇಳಿದಿ, ಹೇಳು ನೋಡೋಣು?"

ಅದು ಒಂದು ಶಿಕ್ಷೆ. ಇನ್ನೊಂದು, ಸಾಹುಕಾರರ ಮುಂದೆ, ಹಮಾಲರ ಮುಂದೆ ಹೇಳಬೇಕಾದದ್ದು. ಹೇಳಿದೆ. ಸಾಹುಕಾರರು ತಲೆ ಕೆರೆದುಕೊಂಡರು. "ಕುಡದು ಮಾಡಿದ್ರ ಬೈಬಹುದಿತ್ತು. ಹನುಮಪ್ಪನ ಮ್ಯಾಲಿನ ಭಕ್ತಿಗೆ ಮಾಡೀನಿ ಅಂದ್ರ ಏನ್ ಬೈಲಿ? ಆದ್ರ ಯಮನೂರಪ್ಪ, ಪಂಪಣ್ಣನ ಮುಂದ ನೀ ಇನ್ನ ಸೀಟಿನ ಮ್ಯಾಲ ಅವ ಹೇಳಿದಾಗ ಕೂಡ್ಬೇಕು, ಅವ ಹೇಳಿದಾಗ ಇಳೀಬೇಕು" ಎಂದರು. ಸ್ಟೀರಿಂಗು ಹೋಗಲಿಲ್ಲ. ಯಾವುದು ಹೋದೀತೆಂದು ಹೆದರಿ ಸುಳ್ಳು ಹೇಳಿದ್ದೆನೋ ಅದು ಹೋಗುವ ವಸ್ತುವೇ ಆಗಿರಲಿಲ್ಲ.

ಎರಡನೆಯ ಹೋಳು ಮುಂದಿನ ಶನಿವಾರವೇ ಆಗಬೇಕೆಂದು ಪಂಪಣ್ಣ ಹಟ ಹಿಡಿದ. ನಾನು ದೇವರ ಗೂಡಿನಿಂದ ವಜ್ರ ತಂದುಕೊಟ್ಟೆ. ಅವನು ಬಟ್ಟೆ ಬಿಚ್ಚಿ, ಕುಂಕುಮ ಮೆತ್ತಿದ್ದ ಅದನ್ನು ನೋಡಿ, "ಇದಕ್ಕೂ ಪೂಜಿ ಮಾಡೀಯೇನು? ಪುಣ್ಯಾಕ್ಕ ಎಣ್ಣಿ ಹಚ್ಚಿಲ್ಲ" ಎಂದ. ಒಂದು ಮಗ್ಗುಲು ಗೆರೆ ಎಳೆದ. ಗಾಜು ತಿರುವಿದೆವು. ರಟ್ಟನ್ನು ನನ್ನ ಕೈಗೆ ಕೊಟ್ಟ.

"ಬೋರಲ ಹಾಕು. ನೀನ ಹಾಕು."

ಹಾಕಿದೆ. ಪಂಪಣ್ಣ ಬಗ್ಗಿ, ಪೆನ್ಸಿಲ್ ಗುರುತಿನ ಆ ಬೆನ್ನಿಗೆ ಮೆಲ್ಲಗೆ ಹೇಳಿದ: "ಹನುಮಪ್ಪಾ, ಐದು ನಿಮಿಷ ತಡಕೋಪಾ. ಗುಡ್ಡ ಹೊತ್ತು ಬೆನ್ನು ನೊಂದಿರ್ತೈತಿ, ಒಂದೀಟು ಬಿಸಲು ಕಾಸ್ಕೋ."

ಬೆರಳು ಮುಂದೆ, ವಜ್ರ ಹಿಂದೆ. ಕೆಳಗಿನಿಂದ ತಟ್ಟಿದ. ಟಣ್ ಎಂದಿತು. ಗುಡಿಯ ಗಂಟೆ ಬಾರಿಸಿದಂತೆ ಇಡೀ ಗಿರಣಿಗೆ ಕೇಳಿಸಿತು ಎಂದರೆ ಉತ್ಪ್ರೇಕ್ಷೆ. ನನಗೆ ಹಾಗೆ ಕೇಳಿಸಿತು. ಸ್ಪಿರಿಟ್ಟು ಹನಿಸಿ, ಕಾಣದ ಉರಿಯ ಮೇಲೆ ಮೂಗು ಹಿಡಿದು, "ಹೂರಣ ಬೆಂತು" ಎಂದ. ಅಂಚನ್ನು ಸಾಣೆಕಲ್ಲಿಗೆ ನೀರು ಬಿಟ್ಟು ತಿಕ್ಕಿ, ರಬ್ಬರಿನ ಪಟ್ಟಿ ಸುತ್ತಿ, ಹಿತ್ತಾಳೆಯಲ್ಲಿ ಕೂಡಿಸಿದ. ಕೂಡಿಸುವ ಮೊದಲು ತಾನು ಡ್ರೈವರ್ ಸೀಟಿನಲ್ಲಿ ಕುಳಿತು ಐದು ನಿಮಿಷ ನೋಡುವುದನ್ನು ಮಾತ್ರ ಮರೆಯಲಿಲ್ಲ.

ಹನುಮನಹಳ್ಳಿಗೆ ಹೋದ ದಿನ ಸಾಹುಕಾರರು ಮುಂದೆ, ಪಂಪಣ್ಣ ಹಿಂದೆ. ಆನೆಗೊಂದಿಯ ಬಾಳೆತೋಟ ದಾಟುವಾಗ ಸಾಹುಕಾರರಿಗೆ ಅಜ್ಜನ ಹಾಗೆ ಗಾಜು ತೆರೆಯುವ ಆಸೆಯಾಯಿತು. ಕೀಲು ಸಡಿಲಿಸಿ ಹೊರಕ್ಕೆ ದೂಡಿದರು. ಎಲ್ಲಿಯೋ ಭತ್ತ ತೂರುತ್ತಿದ್ದರು. ಅದರ ಹೊಟ್ಟು ಒಳಗೆ ಬಂದು ಅವರ ಬಾಯಿ, ಮೀಸೆ, ಜರಿಪೇಟ ತುಂಬಿತು. ಹಿಂದಿನಿಂದ ಪಂಪಣ್ಣ, "ಈಗ ಅಜ್ಜಾರಂಗ ಕಾಣಾಕತ್ರಿ ನೋಡ್ರಿ, ಮೀಸಿ ಬೆಳ್ಳಗಾತು" ಎಂದ.

ಆಮೇಲೆ ಅವನು ಪೊರೆ ತೆಗೆಸಿಕೊಂಡ. ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಮನೆಗೆ ಬಂದದ್ದೇ ನಮ್ಮ ಕೊನೆಯ ಭೇಟಿ. ಕಿಟಕಿಯ ಗಾಜು ಟಕ್ ಟಕ್ ಎಂದಿತು. ಪಾರವ್ವ ಒಳಗಿನಿಂದಲೇ, "ಸಡ್ಲ ಐತಿ, ಗೊತ್ತೈತಿ, ಬಾ ಒಳಗ!" ಎಂದು ಕೂಗಿದಳು.

"ಕಣ್ಣು ಹೆಂಗ ಅದಾವೋ?" ಎಂದೆ.

"ಈಗ ಭಾಳ ಕಾಣ್ತೈತಿ. ತಿಪ್ಪವ್ವನ ಮಾರಿ ಮ್ಯಾಲ ಇಷ್ಟು ಗೆರಿ ಯಾವಾಗ ಬಿದ್ವು? ಆಕೀನೂ ನನ್ನ ನೋಡಿ ಹಂಗ ಅಂದ್ಳು." ಹೋಗುವಾಗ ಚೀಲದಿಂದ ಹನುಮಪ್ಪನ ರಟ್ಟು ತೆಗೆದು ಕೊಟ್ಟ. "ನಿನ್ನ ದೇವರು, ನೀನ ಇಟ್ಕೋ" ಎಂದ. ಹಿಂಬದಿಯಲ್ಲಿ ಪೆನ್ಸಿಲಿನಿಂದ ದೊಡ್ಡದಾಗಿ ಬರೆದಿದ್ದ: "ಬೋರಲ ಹಾಕಿದಾವ ಯಮನೂರಪ್ಪ."

ಹೋದ ವರ್ಷ ಪಂಪಣ್ಣ ಊಟಕ್ಕೆ ಕುಳಿತವನು ಹಾಗೇ ಗೋಡೆಗೆ ಒರಗಿದನಂತೆ. ನನ್ನ ಹುಟ್ಟೂರು ಹನುಮಸಾಗರಕ್ಕೆ ಹೋಗಿದ್ದ ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ಮರುವಾರ ಅವನ ಮನೆಗೆ ಹೋದೆ. ತಿಪ್ಪವ್ವ ಅವನ ಫೋಟೋಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ನಡುಬೆರಳು ಮಡಚಿ ಗಾಜನ್ನು ತಟ್ಟಿದೆ.

"ತಂಗಿ, ಗಾಜು ಸಡ್ಲ ಐತಿ" ಎಂದೆ.

ತಿಪ್ಪವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅತ್ತಳು. "ಅಂಗಡ್ಯಾವಗ ಎರಡ ಸಲ ಹೇಳೀನಣ್ಣ. ಇವರು ಇದ್ರ ಅವನ್ನ ಬಿಡ್ತಿದ್ರೇನು?"

ಮನೆಗೆ ಬಂದು ಆ ರಟ್ಟು ತೆಗೆದೆ. ಅಂಚಿನಿಂದ ಎರಡು ಬೆರಳಗಲದ ಒಂದು ಚೂರು ಕತ್ತರಿಸಿದೆ. ಬಾಲದ ತುದಿ ಬಂತು. ಮುಖಕ್ಕೆ ಕತ್ತರಿ ತಾಗಿಸಲಿಲ್ಲ, ಅವನ ಶಾಸ್ತ್ರದಂತೆ. ಸಂಜೆ ಮತ್ತೆ ಹೋಗಿ ಫೋಟೋ ಇಳಿಸಿ, ಚೂರನ್ನು ಗಾಜಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ತುರುಕಿದೆ. ಹನುಮಪ್ಪನ ಬಣ್ಣದ ಮಗ್ಗುಲು ಗಾಜಿನ ಕಡೆ, ಬೋರಲಾಗಿ ಹೋಯಿತು. ತಿರುವಿ ಹಾಕಲಿಲ್ಲ.

ತಟ್ಟಿ ನೋಡಿದೆ. ಟಕ್ ಟಕ್. ಗಟ್ಟಿಯಾಗಿತ್ತು.